ಹೊಳೆಯ ವಿಷ ಮಹಾಸಭೆಯ ವಿಷಯವಾಗಲಿ



ದಿನಕ್ಕೆ ಎರಡು ಹೊತ್ತು ನಿಮ್ಮ ಹಾಲಿಗೆ ಡೇರಿಯಲ್ಲಿ ಪರೀಕ್ಷೆ ನಡೆಯುತ್ತದೆ. ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು, ನೀರು ಬೆರೆತಿದೆಯೇ, ಹುಳಿ ತಿರುಗಿದೆಯೇ ಎಂಬುದೆಲ್ಲ ಗೊತ್ತಾಗುತ್ತದೆ. ಆದರೆ ಆ ಹಸು ಕುಡಿದ ನೀರು ಎಂಥದು, ತಿಂದ ಹುಲ್ಲು ಯಾವ ನೀರಿನಲ್ಲಿ ಬೆಳೆಯಿತು ಎಂಬುದನ್ನು ಯಾವ ಯಂತ್ರವೂ ಕೇಳುವುದಿಲ್ಲ. ವೃಷಭಾವತಿ ಹೊಳೆಯ ದಂಡೆಯಲ್ಲಿರುವ ಸಂಘಗಳು ಈ ಪ್ರಶ್ನೆಯನ್ನು ತಾವೇ ಕೇಳಿಕೊಳ್ಳುವ ಕಾಲ ಬಂದಿದೆ. ಹೊರಗಿನವರು ಬಂದು ಕೇಳುವ ಮೊದಲು ನಾವು ಕೇಳಬೇಕು ಎಂಬುದೇ ಈ ಲೇಖನದ ಒಟ್ಟು ಮಾತು.

ವೃಷಭ ಎಂದರೆ ಎತ್ತು. ಬಸವನಗುಡಿಯ ಬಸವಣ್ಣನ ಪಾದದಲ್ಲಿ ಹುಟ್ಟಿದ ಹೊಳೆ ಎಂಬ ನಂಬಿಕೆಯಿಂದ ಈ ಹೆಸರು ಬಂತು. ಇವತ್ತು ಅದು ಬೆಂಗಳೂರಿನ ಪಶ್ಚಿಮ ಭಾಗದ ಮೋರಿ ನೀರನ್ನೂ, ಪೀಣ್ಯದ ಕಡೆಯ ಕಾರ್ಖಾನೆಗಳ ನೀರನ್ನೂ ಹೊತ್ತುಕೊಂಡು ಮೈಸೂರು ರಸ್ತೆಯ ಪಕ್ಕದಲ್ಲೇ ಕೆಂಗೇರಿ ದಾಟಿ, ಬಿಡದಿ ಬಳಿ ಬೈರಮಂಗಲ ಕೆರೆಗೆ ಬರುತ್ತದೆ. ಆ ಕೆರೆಯನ್ನು 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದರು. ಹೊಳೆ ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಈ ನೀರು ಹೊಲಸು, ಬಿಟ್ಟುಬಿಡಿ ಎಂದು ಹೇಳುವುದು ಸುಲಭ. ಹೇಳುವವರಿಗೆ ಹಸು ಇರುವುದಿಲ್ಲ. ಬೆಂಗಳೂರು ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನು ಎತ್ತಿ ತಂದು, ಬಳಸಿ, ಹೊಳೆಗೆ ಬಿಡುತ್ತದೆ. ಹಾಗಾಗಿ ಸುತ್ತಮುತ್ತ ಮಳೆ ಹೋದರೂ, ಕೊಳವೆಬಾವಿ ಬತ್ತಿದರೂ, ಈ ಹೊಳೆ ಮಾತ್ರ ಹನ್ನೆರಡು ತಿಂಗಳೂ ಹರಿಯುತ್ತದೆ. ಏಪ್ರಿಲ್‌ನಲ್ಲಿ ಬೇರೆ ಕಡೆಯವರು ಒಣ ಹುಲ್ಲಿಗೂ ಪರದಾಡುವಾಗ ಇಲ್ಲಿ ಸೀಮೆ ಹುಲ್ಲು ಹಸಿರಾಗಿರುತ್ತದೆ. ಎಷ್ಟೋ ಸಣ್ಣ ಹಿಡುವಳಿಯ ಮನೆಗಳು ಎರಡು ಸೀಮೆ ಹಸು ಕಟ್ಟಿ ಮಕ್ಕಳನ್ನು ಓದಿಸಿದ್ದು ಈ ನೀರಿನಿಂದಲೇ. ಆದ್ದರಿಂದ ನೀರು ಬಿಡಿ ಎಂಬುದು ನಮ್ಮ ಮಾತಲ್ಲ. ನೀರಿನಲ್ಲಿರುವ ವಿಷವನ್ನು ತಂದು ಬಿಡುವವರು ಅದನ್ನು ನಿಲ್ಲಿಸಬೇಕು ಎಂಬುದು ನಮ್ಮ ಮಾತು.

ಕೊಳೆಯುವ ಹೊಲಸು, ಕೊಳೆಯದ ವಿಷ

ಇಲ್ಲಿ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಸಗಣಿಯನ್ನು ತಿಪ್ಪೆಗೆ ಹಾಕುತ್ತೀರಿ. ಕೆಲವು ತಿಂಗಳಲ್ಲಿ ಅದು ಕೊಳೆತು ಗೊಬ್ಬರವಾಗುತ್ತದೆ. ಮನೆಗಳ ಮೋರಿ ನೀರೂ ಮೂಲತಃ ಅಂಥದೇ. ಅದನ್ನು ಸರಿಯಾಗಿ ಸಂಸ್ಕರಿಸಿದರೆ ರೋಗಾಣು ತಗ್ಗುತ್ತದೆ, ಉಳಿದ ಸಾರಜನಕ, ರಂಜಕ ಹುಲ್ಲಿಗೆ ಆಹಾರವಾಗುತ್ತದೆ.

ಕ್ರೋಮಿಯಂ, ನಿಕ್ಕಲ್, ಸೀಸ, ಕ್ಯಾಡ್ಮಿಯಂ ಹಾಗಲ್ಲ. ಲೋಹಕ್ಕೆ ಹೊಳಪು ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು, ಬ್ಯಾಟರಿ ಕೆಲಸ, ಬಣ್ಣದ ಕೆಲಸ ಇಂಥ ಕಡೆಗಳಿಂದ ಬರುವ ಈ ಲೋಹಗಳು ಕೊಳೆಯುವುದಿಲ್ಲ, ಸುಟ್ಟರೂ ಹೋಗುವುದಿಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ವೃಷಭಾವತಿಯ ನೀರಿನಲ್ಲಿ, ಹೂಳಿನಲ್ಲಿ, ದಂಡೆಯ ಹೊಲಗಳ ಮಣ್ಣಿನಲ್ಲಿ ವಿಜ್ಞಾನಿಗಳು ಭಾರಲೋಹಗಳನ್ನು ಹಲವು ಸಲ ಕಂಡಿದ್ದಾರೆ. ಒಂದು ಬೆಳೆಗೆ ಹಾಯಿಸಿದ್ದು ಮುಂದಿನ ಬೆಳೆಗೂ ಮಣ್ಣಿನಲ್ಲಿರುತ್ತದೆ. ಅಪ್ಪನ ಕಾಲದಲ್ಲಿ ಬಂದದ್ದು ಮಗನ ಕಾಲಕ್ಕೂ ಇರುತ್ತದೆ.

ಕೊಳಚೆ ನೀರು ಸಂಸ್ಕರಣಾ ಘಟಕ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಆ ಘಟಕದಲ್ಲಿ ಕೆಲಸ ಮಾಡುವುದು ಸೂಕ್ಷ್ಮಾಣುಗಳು. ಅವು ಕೊಳೆಯುವುದನ್ನು ತಿನ್ನುತ್ತವೆ, ಲೋಹವನ್ನು ತಿಂದು ಕರಗಿಸಲಾರವು. ಲೋಹದಲ್ಲಿ ಒಂದು ಪಾಲು ಕೆಳಗೆ ಕೂರುವ ಕೆಸರಿಗೆ ಸೇರುತ್ತದೆ, ಉಳಿದದ್ದು ನೀರಿನ ಜತೆ ಹೊರಗೆ ಬರುತ್ತದೆ. ಆ ಕೆಸರನ್ನು ಗೊಬ್ಬರವೆಂದು ಲೋಡುಗಟ್ಟಲೆ ತರಿಸಿಕೊಳ್ಳುವವರು ಅದರ ಲೋಹದ ಪರೀಕ್ಷೆಯ ಚೀಟಿ ನೋಡದೆ ಹೊಲಕ್ಕೆ ಇಳಿಸಬಾರದು. ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಲೋಹದ ನೀರು ಮೋರಿ ನೀರಿಗೆ ಬೆರೆಯುವ ಮೊದಲೇ, ಕಾರ್ಖಾನೆಯ ಬಾಗಿಲಲ್ಲೇ ಅದನ್ನು ಹಿಡಿಯಬೇಕು. ಹಾಲಿಗೆ ಬೆರೆತ ನೀರನ್ನು ಆಮೇಲೆ ಬೇರೆ ಮಾಡಲಾಗದು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊಳಚೆ ನೀರನ್ನು ಕೆರೆಗೆ ಬಿಡದೆ ಪಕ್ಕದ ಕಾಲುವೆಯಲ್ಲಿ ಕೆಳಕ್ಕೆ ಸಾಗಿಸುವ ಕೆಲಸವೂ ಬೈರಮಂಗಲದಲ್ಲಿ ನಡೆದಿದೆ. ಕೆರೆಯ ನೀರು ತಿಳಿಯಾಗಬೇಕು ನಿಜ. ಆದರೆ ಒಂದೂರಿನ ವಿಷವನ್ನು ಮುಂದಿನ ಊರಿಗೆ ದಾಟಿಸಿದರೆ ವಿಷ ಕಡಿಮೆಯಾಗುವುದಿಲ್ಲ. ಕೆಳಗಿನ ಊರಿನಲ್ಲೂ ನಮ್ಮದೇ ಸಂಘವಿದೆ, ಅಲ್ಲಿನ ಹಾಲೂ ಇದೇ ಒಕ್ಕೂಟಕ್ಕೆ ಬರುತ್ತದೆ.

ಹಾಲಿಗೆ ಎಷ್ಟು ಬರುತ್ತದೆ?

ಹೆದರಿಸುವುದು ನಮ್ಮ ಉದ್ದೇಶವಲ್ಲ. ಹಸುವಿನ ದೇಹ ಒಂದು ಮಟ್ಟಿಗೆ ಜರಡಿಯಂತೆ ಕೆಲಸ ಮಾಡುತ್ತದೆ. ಕ್ಯಾಡ್ಮಿಯಂ ಹೆಚ್ಚಾಗಿ ಮೂತ್ರಪಿಂಡ, ಪಿತ್ತಜನಕಾಂಗದಲ್ಲಿ ನಿಲ್ಲುತ್ತದೆ. ಸೀಸ ಮೂಳೆಯಲ್ಲಿ ಕೂರುತ್ತದೆ, ಅದರಲ್ಲಿ ಸ್ವಲ್ಪ ಭಾಗ ಹಾಲಿಗೂ ಇಳಿಯುತ್ತದೆ. ಆದರೆ ಆ ಸ್ವಲ್ಪವೇ ಲೆಕ್ಕಕ್ಕೆ ಬರುತ್ತದೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡದ ಪ್ರಕಾರ ಒಂದು ಕಿಲೋ ಹಾಲಿನಲ್ಲಿ ಸೀಸ 0.02 ಮಿಲಿಗ್ರಾಂ ಮೀರಬಾರದು. ಅಂದರೆ 50,000 ಕಿಲೋ ಹಾಲಿಗೆ ಒಂದು ಗ್ರಾಂ. ಮಿತಿಯನ್ನು ಇಷ್ಟು ಬಿಗಿಯಾಗಿ ಇಟ್ಟಿರುವುದು ಮಕ್ಕಳಿಗಾಗಿ. ಬೆಳೆಯುವ ಮಗುವಿನ ಮಿದುಳಿಗೆ ಸೀಸದಷ್ಟು ಕೆಟ್ಟದ್ದು ಕಡಿಮೆ.

ಡೇರಿಗೆ ಹೋದ ಹಾಲು ನೂರಾರು ಮನೆಗಳ ಹಾಲಿನ ಜತೆ ಬೆರೆಯುತ್ತದೆ. ಒಂದು ಹಟ್ಟಿಯ ದೋಷ ಅಲ್ಲಿ ತೆಳುವಾಗುತ್ತದೆ. ಆದರೆ ಮನೆಗೆಂದು ತೆಗೆದಿಟ್ಟ ಅರ್ಧ ಲೀಟರ್ ತೆಳುವಾಗುವುದಿಲ್ಲ. ಹೊಳೆ ನೀರಿನ ಹುಲ್ಲು ತಿಂದ ಅದೇ ಹಸುವಿನ ಹಾಲನ್ನು ವರ್ಷಗಟ್ಟಲೆ ಕುಡಿಯುವುದು ನಿಮ್ಮ ಮೊಮ್ಮಗು. ಪೇಟೆಯ ಗ್ರಾಹಕರಿಗಿಂತ ಮೊದಲು ಈ ಲೆಕ್ಕ ನಿಮ್ಮ ಮನೆಯದು.

ಹೇಳಿದರೆ ಹಾಲಿನ ಹೆಸರು ಕೆಡುವುದಿಲ್ಲವೇ?

ಈ ಮಾತು ಎತ್ತಿದಾಗಲೆಲ್ಲ ಬರುವ ಆಕ್ಷೇಪ ಇದು. ನಾವೇ ಬಾಯಿಬಿಟ್ಟರೆ ಪೇಟೆಯವರು ಹಾಲು ಬಿಡುತ್ತಾರೆ, ದರ ಬೀಳುತ್ತದೆ ಎಂಬ ಅಂಜಿಕೆ. ಅಂಜಿಕೆಯಲ್ಲಿ ಅರ್ಥವಿದೆ. ಬಟವಾಡೆಯ ದಿನ ಸಾಲದ ಕಂತು ಕಾಯುತ್ತಿರುವವರಿಗೆ ಇದು ಸಣ್ಣ ಮಾತಲ್ಲ.

ಆದರೆ ಇನ್ನೊಂದು ಮಗ್ಗುಲು ನೋಡಿ. ನಾವು ಸುಮ್ಮನಿದ್ದಾಗ ಯಾರೋ ಬಂದು ಒಂದು ಪ್ಯಾಕೆಟ್ ಪರೀಕ್ಷಿಸಿ ಸುದ್ದಿ ಮಾಡಿದರೆ, ನಮ್ಮ ಕೈಯಲ್ಲಿ ಉತ್ತರವಿರುವುದಿಲ್ಲ. ಆಗ ದಂಡೆಯವರು, ದೂರದವರು ಎನ್ನದೆ ಎಲ್ಲರ ಹಾಲಿನ ಮೇಲೂ ಅನುಮಾನ ಬೀಳುತ್ತದೆ. ನಮ್ಮ ಹತ್ತಿರ ವರ್ಷವರ್ಷದ ಪರೀಕ್ಷೆಯ ದಾಖಲೆ ಇದ್ದರೆ, ಎಲ್ಲಿ ದೋಷವಿದೆ, ಅದಕ್ಕೆ ಏನು ಮಾಡಿದ್ದೇವೆ ಎಂದು ಎದೆ ತಟ್ಟಿ ಹೇಳಬಹುದು. ಆ ದಾಖಲೆ ಹಿಡಿದೇ ಮೇಲಿನ ಕಾರ್ಖಾನೆಗಳ ಮೇಲೆ ದೂರನ್ನೂ ಕೊಡಬಹುದು. ಬರಿಯ ಗೋಳಿಗೆ ಕಚೇರಿಯಲ್ಲಿ ಬೆಲೆಯಿಲ್ಲ, ಕಾಗದಕ್ಕೆ ಬೆಲೆಯಿದೆ.

ದಂಡೆಯಲ್ಲಿ ಇಲ್ಲದ ಸಂಘಗಳೂ ಇದು ನಮಗಲ್ಲ ಎನ್ನುವಂತಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ವೃಷಭಾವತಿ ಕಣಿವೆಯ ನೀರನ್ನೂ ಹೀಗೆ ಬೇರೆ ಕೆರೆಗಳಿಗೆ ತುಂಬಿಸುವ ಯೋಜನೆಯಿದೆ. ಬರಗಾಲದ ಸೀಮೆಗೆ ನೀರು ಬೇಕು. ಆ ನೀರಿನಲ್ಲಿ ಲೋಹ ಇರಬಾರದು ಎಂದು ಕೇಳುವುದು ಈಗಿನಿಂದಲೇ ಎಲ್ಲರ ಕೆಲಸ.

ನ್ಯೂಯಾರ್ಕಿನಲ್ಲಿ ಆದದ್ದು

ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರು ಬಹುಪಾಲು ಬರುವುದು ಕ್ಯಾಟ್‌ಸ್ಕಿಲ್ ಮತ್ತು ಡೆಲವೇರ್ ಜಲಾನಯನದಿಂದ. ಆ ಗುಡ್ಡಗಾಡಿನಲ್ಲಿ ಇರುವವರೂ ನಮ್ಮಂಥ ಹೈನುಗಾರರೇ. 1990ರ ದಶಕದಲ್ಲಿ ನಗರದ ಮುಂದೆ ಎರಡು ದಾರಿಯಿದ್ದವು. ನೂರಾರು ಕೋಟಿ ಡಾಲರ್ ಸುರಿದು ನೀರು ಸೋಸುವ ಘಟಕ ಕಟ್ಟುವುದು ಒಂದು. ಮೇಲಿನ ರೈತರ ಜತೆ ಕೂತು ಮಾತಾಡುವುದು ಇನ್ನೊಂದು. ನಗರ ಎರಡನೆಯದನ್ನು ಆರಿಸಿತು. ಸಗಣಿ ಗುಂಡಿ ಭದ್ರಪಡಿಸಲು, ದನ ಹಳ್ಳಕ್ಕೆ ಇಳಿಯದಂತೆ ಬೇಲಿ ಹಾಕಲು, ದಂಡೆಯಲ್ಲಿ ಗಿಡ ನೆಡಲು ರೈತರಿಗೆ ಹಣ ಕೊಟ್ಟಿತು. ಯಾವ ಹಟ್ಟಿಗೆ ಏನು ಬೇಕು ಎಂದು ತೀರ್ಮಾನಿಸುವುದರಲ್ಲಿ ರೈತರ ಮಂಡಳಿಯೇ ಮುಂದೆ ನಿಂತಿತು. 1997ರಲ್ಲಿ ಒಪ್ಪಂದಕ್ಕೆ ಸಹಿಯಾಯಿತು.

ನಮ್ಮಲ್ಲಿ ಪರಿಸ್ಥಿತಿ ತಿರುವುಮುರುವು. ನಗರ ಮೇಲಿದೆ, ಹೈನುಗಾರರು ಕೆಳಗಿದ್ದೇವೆ. ಅಲ್ಲಿ ಕೆಳಗಿನ ನಗರಕ್ಕೆ ಒಳ್ಳೆಯ ನೀರು ಬೇಕು ಎಂದು ನಗರವೇ ಖರ್ಚು ಹೊತ್ತಿತು. ಇಲ್ಲಿ ಕೆಳಗಿನ ರೈತನಿಗೆ ಒಳ್ಳೆಯ ನೀರು ಬೇಕಾಗಿದೆ, ಅದೇ ನ್ಯಾಯ ನಮಗೂ ಸಲ್ಲಬೇಕು. ನಗರಕ್ಕೆ ಬೆಳಿಗ್ಗೆ ಹಾಲು ಬೇಕು ತಾನೇ? ಹಾಗಾದರೆ ಹುಲ್ಲಿನ ನೀರನ್ನು ಕಾಯುವ ಖರ್ಚಿನಲ್ಲಿ ಅದಕ್ಕೂ ಪಾಲಿದೆ.

ಈಗಲೇ ನಮ್ಮ ಕೈಯಲ್ಲಿರುವುದು

ಮೇಲಿನವರು ಸರಿಹೋಗುವವರೆಗೆ ಹಟ್ಟಿಯಲ್ಲಿ ಮಾಡಬಹುದಾದದ್ದಿದೆ. ಹೊಳೆ ನೀರನ್ನು ಹಸುವಿಗೆ ನೇರವಾಗಿ ಕುಡಿಸಬೇಡಿ. ಬಿಸಿಲಿನಲ್ಲಿ ಒಂದು ಸೀಮೆ ಹಸು ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯಬಲ್ಲದು. ಮೈ ತೊಳೆಯಲು ಹೇಗಿದ್ದರೂ, ಕುಡಿಯಲು ಪರೀಕ್ಷೆಯಾದ ನೀರು ಇರಲಿ. ಹುಲ್ಲನ್ನು ನೆಲಕ್ಕೆ ಹತ್ತಿ ಕೊಯ್ಯದೆ ಒಂದು ಗೇಣು ಬಿಟ್ಟು ಕೊಯ್ಯಿರಿ, ಮಣ್ಣು ಒದರಿ ಹಾಕಿ. ಸೀಸ ಹಸುವಿನ ಹೊಟ್ಟೆಗೆ ಹೋಗುವುದು ಹೆಚ್ಚಾಗಿ ಹುಲ್ಲಿಗೆ ಮೆತ್ತಿದ ಮಣ್ಣಿನಿಂದ. ಮೋರಿ ನೀರಿನ ಹುಲ್ಲಿನ ಬುಡದಲ್ಲಿ ನೈಟ್ರೇಟ್ ಕೂಡ ಹೆಚ್ಚಿರುತ್ತದೆ. ಹಸಿ ಹುಲ್ಲೊಂದನ್ನೇ ಹಾಕದೆ ರಾಗಿ ಹುಲ್ಲು ಬೆರೆಸಿ ಕೊಡಿ. ಹಸು ಇದ್ದಕ್ಕಿದ್ದಂತೆ ಏದುಸಿರು ಬಿಟ್ಟು, ತೂರಾಡಿ, ರಕ್ತ ಕಂದು ಬಣ್ಣಕ್ಕೆ ತಿರುಗಿದರೆ ಅದು ನೈಟ್ರೇಟ್ ವಿಷವಿರಬಹುದು. ತಡಮಾಡದೆ ವೈದ್ಯರನ್ನು ಕರೆಸಿ, ಸಮಯಕ್ಕೆ ಸರಿಯಾಗಿ ಸಿಕ್ಕರೆ ಅದಕ್ಕೆ ಮದ್ದಿದೆ.

ನಮ್ಮ ಕಡೆಯಿಂದಲೂ ಹೊಳೆಗೆ ಏನೂ ಹೋಗಬಾರದು. ಉಣ್ಣೆಗೆ ಹೊಡೆದು ಮಿಕ್ಕ ಔಷಧಿಯನ್ನು ಹಳ್ಳಕ್ಕೆ ಚೆಲ್ಲಿದರೆ ಮೀನು ಸಾಯುತ್ತವೆ. ಬೇಕಾದಷ್ಟೇ ಕಲಸಿಕೊಳ್ಳಿ. ಹಳೆಯ ಬ್ಯಾಟರಿ ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದರೆ ಇವತ್ತೇ ಮಾರಿಬಿಡಿ. ಅದನ್ನು ನೆಕ್ಕಿದ ಕರು ಉಳಿಯುವುದು ಕಷ್ಟ. ಕೀಟನಾಶಕದ ಖಾಲಿ ಕ್ಯಾನು ನೀರು ತುಂಬಲು ಬೇಡವೇ ಬೇಡ.

ಮಹಾಸಭೆಯಲ್ಲಿ ಕೇಳಬೇಕಾದದ್ದು

ಉಳಿದದ್ದು ಒಬ್ಬೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ಸಂಘದ ಕೆಲಸ. ಈ ಸಲದ ವಾರ್ಷಿಕ ಮಹಾಸಭೆಯಲ್ಲಿ ಮೂರು ನಿರ್ಣಯ ಮಂಡಿಸಿ.

ಒಂದು, ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮತ್ತು ಮಳೆಯ ನಂತರ, ಊರಿನ ನೀರು, ಮಣ್ಣು, ಮೇವು, ಹಾಲು ನಾಲ್ಕನ್ನೂ ಒಕ್ಕೂಟದ ಖರ್ಚಿನಲ್ಲಿ ಪರೀಕ್ಷೆ ಮಾಡಿಸಬೇಕು. ಸಾಮಾನ್ಯ ಮಣ್ಣು ಪರೀಕ್ಷೆಯಲ್ಲಿ ಸೀಸ, ಕ್ಯಾಡ್ಮಿಯಂ ಬರುವುದಿಲ್ಲ. ಭಾರಲೋಹ ಎಂದು ಹೆಸರಿಸಿಯೇ ಕೇಳಬೇಕು. ಫಲಿತಾಂಶ ಹಾಲಿನ ದರದ ಪಕ್ಕದಲ್ಲೇ ಸಂಘದ ಬೋರ್ಡಿನ ಮೇಲೆ ಬರಲಿ.

ಎರಡು, ಸಂಘದಲ್ಲಿ ಒಂದು ಹೊಳೆ ಪುಸ್ತಕ ಇಡಬೇಕು. ಕಚೇರಿಯವರು ಮಾದರಿ ತೆಗೆಯಲು ಬರುವುದು ಹಗಲು ಹೊತ್ತು. ನೀರಿನ ಬಣ್ಣ, ವಾಸನೆ ಬದಲಾಗುವುದು ಎಷ್ಟೋ ಸಲ ರಾತ್ರಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕೊಟ್ಟಿಗೆಗೆ ಹೋಗುವವರು ನಾವು. ಆ ಹೊತ್ತಿನಲ್ಲಿ ಕಂಡದ್ದನ್ನು ತಾರೀಕು, ಗಂಟೆ ಸಮೇತ ಬರೆದಿಟ್ಟರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೊಂದಿಲ್ಲ.

ಮೂರು, ದಂಡೆಯ ಸಂಘಗಳೆಲ್ಲ ಸೇರಿ ಒಂದೇ ಅರ್ಜಿ ಕೊಡಬೇಕು. ಹೊಳೆಗೆ ವಿಷ ಬಿಡುವುದು 1974ರ ಜಲ ಕಾಯ್ದೆಯ ಪ್ರಕಾರ ನಿಷಿದ್ಧ. ಮೇಲಿನ ಘಟಕಗಳ ನೀರಿನ ಪರೀಕ್ಷಾ ವರದಿಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕೇಳಬಹುದು. ಅಲ್ಲೂ ಕೆಲಸವಾಗದಿದ್ದರೆ ಹಸಿರು ನ್ಯಾಯಮಂಡಳಿಯ ಬಾಗಿಲಿದೆ. ಒಬ್ಬ ರೈತನ ಅರ್ಜಿ ಕಡತದಲ್ಲಿ ಉಳಿಯಬಹುದು. ಊರೂರಿನ ಸಂಘಗಳ ಸೀಲು ಬಿದ್ದ ಅರ್ಜಿಯನ್ನು ಪಕ್ಕಕ್ಕಿಡುವುದು ಅಷ್ಟು ಸುಲಭವಲ್ಲ.

ದರ ಏರಿಸಲು ನಾವು ಒಟ್ಟಾಗಿ ನಿಲ್ಲುತ್ತೇವೆ, ಹಿಂಡಿಯ ಬೆಲೆ ಏರಿದಾಗ ಒಟ್ಟಾಗಿ ಕೂಗುತ್ತೇವೆ. ನೀರೂ ಹಸುವಿನ ಆಹಾರವೇ. ಮಹಾಸಭೆಯ ನೋಟಿಸು ಬಂದ ದಿನವೇ ಕಾರ್ಯದರ್ಶಿಗೆ ಹೇಳಿ, ಕಾರ್ಯಸೂಚಿಯಲ್ಲಿ ಹೊಳೆಯ ವಿಷಯವನ್ನು ಬರೆಸಿ. ಸಭೆಗೆ ಬರುವ ನಿರ್ದೇಶಕರಿಂದ ಅಲ್ಲೇ ಉತ್ತರ ಕೇಳಿ.