ಗೃಹೋಪಯೋಗಿ ವಿಚಾರ: ಹಳೆಯ ಬೈಸಿಕಲ್ಲಿಗೆ ಹೊಸ ಬ್ರೇಕ್ ರಬ್ಬರು

ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವ ಮನೆಯ ಸಾಮಾನುಗಳಲ್ಲಿ ಬೈಸಿಕಲ್ಲೂ ಒಂದು. ತಾಮ್ರದ ಹಂಡೆಯಂತೆ, ಗೋಡೆಯ ಗಡಿಯಾರದಂತೆ ಅದಕ್ಕೂ ಒಂದು ವಂಶಚರಿತ್ರೆಯುಂಟು. ಆದರೆ ಹಂಡೆ ಸೋರಿದರೆ ನೀರು ಹೋದೀತು, ಗಡಿಯಾರ ಕೆಟ್ಟರೆ ಹೊತ್ತು ತಪ್ಪೀತು. ಬೈಸಿಕಲ್ಲು ನಿಲ್ಲಬೇಕಾದ ಕಡೆಯಲ್ಲಿ ನಿಲ್ಲದೆ ಹೋದರೆ ಆಗುವ ನಷ್ಟವು ಬೇರೆ ಬಗೆಯದು. ಅಜ್ಜನ ಕಾಲದ ಬೈಸಿಕಲ್ಲನ್ನು ಅಟ್ಟದಿಂದ ಇಳಿಸಿ, ತುಕ್ಕು ಒರೆಸಿ, ಮತ್ತೆ ಬೀದಿಗೆ ತರಬೇಕೆಂಬ ಆಸೆ ಈಚೆಗೆ ಅನೇಕರಲ್ಲಿ ಮೂಡಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಮಾಡುವವರು ಟೈರು ಟ್ಯೂಬುಗಳನ್ನು ಹೊಸದಾಗಿ ಹಾಕಿಸುತ್ತಾರೆ, ಬಣ್ಣ ಬಳಿಸುತ್ತಾರೆ, ಗಂಟೆಯನ್ನೂ ಬೆಳಗುತ್ತಾರೆ. ಬ್ರೇಕಿನ ರಬ್ಬರನ್ನು ಮಾತ್ರ “ಇನ್ನೂ ದಪ್ಪವಾಗಿಯೇ ಇದೆಯಲ್ಲ” ಎಂದು ಹಾಗೆಯೇ ಬಿಟ್ಟುಬಿಡುವುದುಂಟು. ಆದುದರಿಂದ ಈ ತಿಂಗಳು ಆ ನಾಲ್ಕು ಚಿಕ್ಕ ತುಂಡುಗಳ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯುವೆವು.

ರಬ್ಬರಿಗೆ ಸವೆತವೊಂದೇ ಶತ್ರುವಲ್ಲ, ಮುಪ್ಪೂ ಶತ್ರುವೇ. ಮರದ ಹಾಲಿನಿಂದ ಬಂದ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿದ್ದುದನ್ನು ಕಂಡು, ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬವನು 1839ರಲ್ಲಿ ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸುವ ಕ್ರಮವನ್ನು ಕಂಡುಹಿಡಿದನು. ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುವುದರಿಂದ ಅದಕ್ಕೆ ಗಟ್ಟಿತನವೂ ಪುಟಿತವೂ ಬರುತ್ತವೆ. ಆದರೆ ವರ್ಷಗಳು ಕಳೆದಂತೆ ಗಾಳಿಯಲ್ಲಿನ ಆಮ್ಲಜನಕ, ಓಜೋನು, ಬಿಸಿಲು ಇವುಗಳ ಸಂಪರ್ಕದಿಂದ ಆ ಕಟ್ಟು ಬಿಗಿಯಾಗುತ್ತಲೇ ಹೋಗಿ ರಬ್ಬರು ಮರದಂತಾಗುತ್ತದೆ. ಅಂತಹ ರಬ್ಬರು ಎಷ್ಟೇ ದಪ್ಪವಾಗಿದ್ದರೂ ರಿಮ್ಮಿನ ಮೇಲೆ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಪರೀಕ್ಷೆಯು ಸುಲಭ. ಹೆಬ್ಬೆರಳಿನ ಉಗುರನ್ನು ರಬ್ಬರಿಗೆ ಒತ್ತಿ ನೋಡಬೇಕು. ಗುರುತು ಬಿದ್ದು ಮೆಲ್ಲನೆ ಮಾಯವಾದರೆ ಜೀವವಿದೆಯೆಂದು ತಿಳಿಯಬಹುದು. ಉಗುರು ಜಾರಿದರೆ, ಮೈ ಗಾಜಿನಂತೆ ಹೊಳೆದರೆ, ಅಥವಾ ಬಿರುಕುಗಳು ಕಂಡರೆ ಅದನ್ನು ಎಸೆಯತಕ್ಕದ್ದು.

ಇದೇ ಕಾರಣದಿಂದ, ಹಳೆಯ ಸಾಮಾನುಗಳ ವ್ಯಾಪಾರಿಗಳಲ್ಲಿ ಡಬ್ಬಿ ಒಡೆಯದೆ ಉಳಿದು ಬಂದಿರುವ ಆ ಕಾಲದ ರಬ್ಬರುಗಳಿಗೆ ಮರುಳಾಗಬಾರದು. ಕಂಪೆನಿಯ ಮುದ್ರೆ ಚೆನ್ನಾಗಿ ಕಾಣಬಹುದು; ಆದರೆ ಡಬ್ಬಿಯೊಳಗಿದ್ದರೂ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಅವು ಪ್ರದರ್ಶನದ ಕಪಾಟಿಗೆ ತಕ್ಕವು, ಬೀದಿಗಲ್ಲ.

ಹಿಡಿತವು ಕಡಿಮೆಯಾದರೆ ಏನಾಗುವುದೆಂಬುದನ್ನು ಲೆಕ್ಕದಿಂದಲೇ ತಿಳಿಯಬಹುದು. ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುವ ಬೈಸಿಕಲ್ಲು ಒಳ್ಳೆಯ ಬ್ರೇಕಿದ್ದಾಗ ಸುಮಾರು 5 ಮೀಟರಿನಲ್ಲಿ ನಿಲ್ಲುವುದೆಂದು ಇಟ್ಟುಕೊಳ್ಳೋಣ. ಹಿಡಿತವು ಕಾಲುಭಾಗಕ್ಕೆ ಇಳಿದರೆ ಅದೇ ಬೈಸಿಕಲ್ಲು ನಿಲ್ಲಲು 20 ಮೀಟರು ಬೇಕು. ಎಂದರೆ ನಾಲ್ಕು ಮನೆಗಳ ಅಂಗಳವನ್ನು ದಾಟಬಹುದು. ಇಳಿಜಾರಿನಲ್ಲಿ ವೇಗವು ಇಮ್ಮಡಿಯಾದರೆ ನಿಲ್ಲಿಸಬೇಕಾದ ಶಕ್ತಿಯು ನಾಲ್ಮಡಿಯಾಗುತ್ತದೆ. ಆ ಅಂತರದಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿಬಂದರೆ ಏನು ಗತಿಯೆಂಬುದನ್ನು ಮನೆವಂದಿಗರಿಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ.

ಇನ್ನು ಆಯ್ಕೆಯ ವಿಚಾರ. ಅಂಗಡಿಗೆ ಹೋಗುವುದಕ್ಕೆ ಮೊದಲು ರಬ್ಬರನ್ನಲ್ಲ, ರಿಮ್ಮನ್ನು ನೋಡಬೇಕು. ಒಂದು ಅಯಸ್ಕಾಂತವನ್ನು ರಿಮ್ಮಿಗೆ ಹಿಡಿದರೆ ಸಾಕು. ಅಂಟಿಕೊಂಡರೆ ಅದು ಉಕ್ಕಿನದು, ಅಂಟದಿದ್ದರೆ ಅಲ್ಯೂಮಿನಿಯಮ್ಮಿನದು. ಇವೆರಡರ ಸ್ವಭಾವ ಬೇರೆ ಬೇರೆ. ಒಂದಕ್ಕೆ ಹಿತವಾದುದು ಇನ್ನೊಂದಕ್ಕೆ ಹಿತವಾಗಬೇಕೆಂದಿಲ್ಲ.

ಉಕ್ಕಿನ ರಿಮ್ಮಿಗೆ ಕ್ರೋಮಿಯಮ್ಮಿನ ಮೆರುಗು ಕೊಟ್ಟಿರುತ್ತಾರೆ. ಒಣಗಿರುವಾಗ ಅದರ ಮೇಲೆ ಸಾಧಾರಣವಾದ ರಬ್ಬರೂ ಕೆಲಸ ಮಾಡೀತು. ಮಳೆ ಬಿತ್ತೆಂದರೆ ಆ ನುಣುಪಾದ ಮೈಯ ಮೇಲೆ ನೀರು ತೆಳುವಾದ ಪೊರೆಯಾಗಿ ನಿಂತು, ರಬ್ಬರು ಅದರ ಮೇಲೆ ತೇಲಿದಂತಾಗುತ್ತದೆ; ಹಿಡಿಯನ್ನು ಎಷ್ಟು ಬಿಗಿದರೂ ಗಾಲಿಯು ಕೆಲವು ಸುತ್ತು ತಿರುಗಿ ನೀರು ಒರೆಸಿಹೋಗುವವರೆಗೆ ಬ್ರೇಕು ಇದ್ದೂ ಇಲ್ಲದಂತೆಯೇ ಸರಿ. ನಮ್ಮ ಮಲೆನಾಡಿನ ಮತ್ತು ಕರಾವಳಿಯ ವಾಚಕರಿಗೆ ಇದು ಮುಖ್ಯವಾದ ಸಂಗತಿ. ಈ ಕಷ್ಟವನ್ನು ನೀಗುವುದಕ್ಕಾಗಿ ಹಿಂದೆ ಇಂಗ್ಲೆಂಡಿನಲ್ಲಿ ರಬ್ಬರಿನ ಮೈಗೆ ತೊಗಲಿನ ಪಟ್ಟಿಯನ್ನು ಹೊಂದಿಸಿ ಮಾರುತ್ತಿದ್ದರು. ತೊಗಲು ನೀರನ್ನು ಹೀರಿ ಲೋಹವನ್ನು ಹಿಡಿಯುತ್ತಿತ್ತು. ಅಂತಹವು ಈಗ ದೊರೆಯುವುದು ಅಪರೂಪ. ದೊರೆತರೆ ಉಕ್ಕಿನ ರಿಮ್ಮಿಗೆ ಮಾತ್ರ ಹಾಕತಕ್ಕದ್ದು, ಅಲ್ಯೂಮಿನಿಯಮ್ಮಿಗೆ ಕೂಡದು. ಇಂದಿನ ದಿನದಲ್ಲಿ ಹೆಚ್ಚು ಮಂದಿ ಮೆಚ್ಚಿರುವುದು ಅಮೆರಿಕದ ಕೂಲ್‌ಸ್ಟಾಪ್ ಕಂಪೆನಿಯವರ ಸಾಲ್ಮನ್ ಬಣ್ಣದ ರಬ್ಬರು. ಮಾಸಲು ಕೆಂಪು ಛಾಯೆಯ ಈ ರಬ್ಬರಿನಲ್ಲಿ ಕಬ್ಬಿಣದ ಆಕ್ಸೈಡು ಬೆರೆತಿದ್ದು, ಒದ್ದೆಯಲ್ಲಿ ಕಪ್ಪು ರಬ್ಬರಿಗಿಂತ ಚೆನ್ನಾಗಿ ಹಿಡಿಯುತ್ತದೆ. ಎರಡು ಬಗೆಯ ರಿಮ್ಮುಗಳಿಗೂ ಸಲ್ಲುವುದು ಅದರ ಇನ್ನೊಂದು ಗುಣ. ಆದರೂ ಉಕ್ಕಿನ ರಿಮ್ಮುಳ್ಳವರು ಮಳೆಯಲ್ಲಿ ನಿಧಾನವಾಗಿ ಹೋಗಬೇಕೆಂಬ ನಿಯಮವನ್ನು ಯಾವ ರಬ್ಬರೂ ರದ್ದುಮಾಡಲಾರದು.

ಅಲ್ಯೂಮಿನಿಯಮ್ಮಿನ ರಿಮ್ಮು ನೀರಿನಲ್ಲಿ ಇಷ್ಟು ಮೋಸಮಾಡುವುದಿಲ್ಲ. ಆದರೆ ಅದು ಮೃದುವಾದ ಲೋಹ. ಗಡುಸಾದ ಅಗ್ಗದ ರಬ್ಬರನ್ನು ಹಾಕಿದರೆ ರಿಮ್ಮಿನ ಗೋಡೆಯೇ ಸವೆದು ತೆಳುವಾಗುತ್ತದೆ. ರಬ್ಬರಿನಲ್ಲಿ ಮರಳಿನ ಕಣವೋ ಲೋಹದ ಚೂರೋ ಸಿಕ್ಕಿಕೊಂಡಿದ್ದರೆ ಅದು ಉಳಿಯಂತೆ ಗೀರುತ್ತದೆ. ಆಗಾಗ ಗಾಲಿಯನ್ನು ಕಳಚಿ, ಅಂತಹ ಕಣಗಳನ್ನು ಸೂಜಿಯ ಮೊನೆಯಿಂದ ಕಿತ್ತು, ರಬ್ಬರಿನ ಮೈಯನ್ನು ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ಇಲ್ಲಿ ನೆನಪಿಡಬೇಕಾದ ತತ್ತ್ವ ಒಂದೇ: ಸವೆಯಬೇಕಾದುದು ರಬ್ಬರು, ರಿಮ್ಮಲ್ಲ. ರಬ್ಬರು ಹೋದರೆ ನಾಳೆ ಮತ್ತೊಂದು ಬರುತ್ತದೆ. ಐವತ್ತು ವರ್ಷಗಳ ಹಿಂದಿನ ರಿಮ್ಮು ಹೋದರೆ ಅದರ ಜೊತೆಯನ್ನು ಹುಡುಕಲು ಊರೂರು ಅಲೆಯಬೇಕು. ಇಂಗಾಲದ ನಾರಿನ ರಿಮ್ಮುಗಳಿಗಾಗಿ ಈಗ ಮಾಡುವ ರಬ್ಬರುಗಳು ಬೆಲೆಯಲ್ಲಿ ಹೆಚ್ಚಿನವಾದರೂ ಲೋಹದ ರಿಮ್ಮಿಗೆ ತಕ್ಕವಲ್ಲ.

ಮುಂದೆ ಬ್ರೇಕಿನ ಜಾತಿಯನ್ನು ಗುರುತಿಸಬೇಕು. ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಕಂಬಿಯ ಬ್ರೇಕು. ನಾಟಿಂಗ್‌ಹ್ಯಾಮಿನ ರ‍್ಯಾಲಿ, ಬರ್ಮಿಂಗ್‌ಹ್ಯಾಮಿನ ಹರ್ಕ್ಯುಲಿಸ್ ಮೊದಲಾದ ಬೈಸಿಕಲ್ಲುಗಳಲ್ಲಿಯೂ, ಅವುಗಳ ಮಾದರಿಯಲ್ಲಿ ನಮ್ಮ ದೇಶದಲ್ಲಿಯೇ ತಯಾರಾದವುಗಳಲ್ಲಿಯೂ ಇದೇ ಇರುತ್ತದೆ. ಇದರಲ್ಲಿ ಕುದುರೆಯ ರಿಕಾಪಿನಂತಹ ಒಂದು ಕಬ್ಬಿಣವು ಟೈರನ್ನು ಬಳಸಿ ನಿಂತು, ರಬ್ಬರುಗಳನ್ನು ರಿಮ್ಮಿನ ಪಕ್ಕಕ್ಕಲ್ಲದೆ ಒಳಮೈಗೆ, ಎಂದರೆ ಕಡ್ಡಿಗಳು ಹೊರಡುವ ಕಡೆಗೆ ಎಳೆದು ಒತ್ತುತ್ತದೆ. ವೆಸ್ಟ್‌ವುಡ್ ಎಂಬ ಆ ರಿಮ್ಮಿನಲ್ಲಿ ಇದಕ್ಕಾಗಿ ಎರಡು ಪಕ್ಕಗಳಲ್ಲಿಯೂ ಹಾದಿಗಳಿವೆ. ರಬ್ಬರು ಆ ಹಾದಿಯಲ್ಲಿ ಸಮನಾಗಿ ಕೂತು, ಕಡ್ಡಿಗಳ ತಲೆಗೆ ತಗಲದಂತಿರಬೇಕು. ಇಲ್ಲಿ ಗಾಲಿಯು ಪಕ್ಕಕ್ಕೆ ಓಲಾಡುವುದಕ್ಕಿಂತ ಮೇಲಕ್ಕೂ ಕೆಳಕ್ಕೂ ಕುಣಿಯುವುದೇ ಹೆಚ್ಚು ತೊಂದರೆ. ಗಾಲಿ ದುಂಡಗಿಲ್ಲದಿದ್ದರೆ ಎಂತಹ ರಬ್ಬರನ್ನು ಹಾಕಿದರೂ ಅದು ತಡೆತಡೆದು ಹಿಡಿಯುತ್ತದೆ. ಈ ಬಗೆಯ ರಬ್ಬರು ಇಂದಿಗೂ ಸಾಮಾನ್ಯವಾದ ಸೈಕಲ್ ಅಂಗಡಿಗಳಲ್ಲಿ ಸ್ವಲ್ಪ ಹಣಕ್ಕೇ ಸಿಗುವುದರಿಂದ ಬದಲಾಯಿಸದೆ ಇರುವುದಕ್ಕೆ ನೆಪವಿಲ್ಲ. ನಾಲ್ಕೈದು ತುಂಡುಗಳನ್ನು ತೆಗೆಯಿಸಿ, ಉಗುರಿನಿಂದ ಒತ್ತಿ ನೋಡಿ, ಮೆತುವಾದುದನ್ನು ಆರಿಸತಕ್ಕದ್ದು.

ಎರಡನೆಯ ಜಾತಿಯು ತಂತಿಯ ಬ್ರೇಕು. ಕೊಳವೆಯೊಳಗೆ ತಂತಿ ಎಳೆಯುವ ಈ ಉಪಾಯಕ್ಕೆ ಅರ್ನೆಸ್ಟ್ ಬೌಡನ್ ಎಂಬವನು 1896ರಲ್ಲಿ ಪೇಟೆಂಟು ಪಡೆದನು. ಯೂರೋಪಿನ ಹಳೆಯ ಪಂದ್ಯದ ಬೈಸಿಕಲ್ಲುಗಳಲ್ಲಿ ಇರುವುದೆಲ್ಲ ಹೆಚ್ಚಾಗಿ ಇದೇ. ಇದರ ರಬ್ಬರುಗಳಲ್ಲಿ ಮೂರು ವಿಧಗಳನ್ನು ಗಮನಿಸಬೇಕು. ಮೊದಲನೆಯದು, ತಿರುಪಿನ ಮೊಳೆಯೊಡನೆ ಬಂದು ನಟ್ಟಿನಿಂದ ಬಿಗಿಯುವುದು. ವೈನ್‌ಮನ್ ಮುಂತಾದ ಅನೇಕ ಬ್ರೇಕುಗಳಿಗೆ ಇದು ಸಲ್ಲುತ್ತದೆ. ಎರಡನೆಯದು, ತಿರುಪಿಲ್ಲದ ನುಣುಪು ಕಡ್ಡಿಯದು. ಫ್ರಾನ್ಸಿನ ಮಾಫಾಕ್ ಬ್ರೇಕುಗಳಿಗೆ ಇದೇ ಬೇಕು, ತಿರುಪಿನದು ಹೊಂದುವುದಿಲ್ಲ. ಮೂರನೆಯದು, ಲೋಹದ ಗೂಡಿನೊಳಗೆ ರಬ್ಬರನ್ನು ಮಾತ್ರ ಜಾರಿಸಿ ಕೂಡಿಸುವುದು. ಇಟಲಿಯ ಕಂಪಾಗ್ನೋಲೊ ಬ್ರೇಕುಗಳು ಈ ಬಗೆಯವು. ಇಂತಹ ಹಳೆಯ ಗೂಡುಗಳಿಗೆ ಹೊಂದುವಂತೆ ಈಗಲೂ ರಬ್ಬರುಗಳನ್ನು ಮಾಡುತ್ತಾರಾದುದರಿಂದ ಗೂಡನ್ನು ಎಸೆಯದೆ ಇಟ್ಟುಕೊಳ್ಳತಕ್ಕದ್ದು. ಅಂಗಡಿಗೆ ಹೋಗುವಾಗ ಹಳೆಯ ತುಂಡನ್ನು ಜೊತೆಯಲ್ಲಿ ಒಯ್ಯುವುದೇ ಎಲ್ಲಕ್ಕಿಂತ ಒಳ್ಳೆಯ ಅಳತೆ.

ಉದ್ದವಾದ ರಬ್ಬರು ಹೆಚ್ಚು ಹಿಡಿಯುವುದೆಂಬ ನಂಬಿಕೆ ಬಹಳ ಜನರಲ್ಲಿದೆ. ಘರ್ಷಣೆಯು ತಗಲುವ ಮೈಯ ವಿಸ್ತಾರವನ್ನು ಅವಲಂಬಿಸದೆ ಒತ್ತುವ ಬಲವನ್ನೇ ಅವಲಂಬಿಸುವುದೆಂದು ಫ್ರಾನ್ಸಿನ ಆಮೊಂಟನ್ ಎಂಬ ವಿದ್ವಾಂಸನು 1699ರಲ್ಲಿಯೇ ತೋರಿಸಿಕೊಟ್ಟನು. ರಬ್ಬರಿನ ವಿಷಯದಲ್ಲಿ ಈ ನಿಯಮವು ಪೂರ್ತಿ ಕರಾರುವಾಕ್ಕಾಗಿ ನಡೆಯದಿದ್ದರೂ ನಮ್ಮ ಕೆಲಸಕ್ಕೆ ಅಷ್ಟು ಸಾಕು. ಉದ್ದದ ರಬ್ಬರು ಹೆಚ್ಚು ದಿನ ಬಾಳೀತು, ಅಷ್ಟೆ. ಹೊಸ ಕಾಲದ ನೀಳವಾದ ರಬ್ಬರನ್ನು ಹಳೆಯ ಬೈಸಿಕಲ್ಲಿಗೆ ಬಲವಂತವಾಗಿ ಕೂಡಿಸಿದರೆ ಅದರ ತುದಿಯು ಫೋರ್ಕಿಗೆ ತಗಲುವುದು, ಇಲ್ಲವೆ ಗಾಲಿಯನ್ನು ಕಳಚುವುದೇ ಕಷ್ಟವಾಗುವುದು.

ಈಗ ಹೇಳುವ ಮಾತನ್ನು ವಾಚಕರು ಗಟ್ಟಿಯಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇವೆ. ರಬ್ಬರು ಕೂಡುವ ಗೂಡಿನ ಒಂದು ತುದಿ ತೆರೆದಿದ್ದರೆ ಇನ್ನೊಂದು ತುದಿ ಮುಚ್ಚಿರುತ್ತದೆ. ಬ್ರೇಕು ಹಿಡಿದಾಗ ಗಾಲಿಯು ರಬ್ಬರನ್ನು ತಾನು ಸುತ್ತುವ ದಿಕ್ಕಿಗೆ ಎಳೆಯುತ್ತದೆ. ಆದುದರಿಂದ ರಿಮ್ಮು ಯಾವ ಕಡೆಗೆ ಚಲಿಸುವುದೋ ಆ ಕಡೆಗೆ ಮುಚ್ಚಿದ ತುದಿಯಿರಬೇಕು. ಫೋರ್ಕಿನ ನೆತ್ತಿಯಲ್ಲಿರುವ ಮುಂದಿನ ಬ್ರೇಕಿನಲ್ಲಿ ಅದು ಬೈಸಿಕಲ್ಲಿನ ಮುಂಭಾಗಕ್ಕೆ ಮುಖವಾಗಿರುತ್ತದೆ. ಇದು ತಿರುಗುಮುರುಗಾದರೆ, ಬ್ರೇಕು ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ರಬ್ಬರು ಗೂಡಿನಿಂದ ಜಾರಿ ಬೀದಿಗೆ ಬೀಳುತ್ತದೆ. ಬರಿಯ ಲೋಹ ಉಳಿಯುತ್ತದೆ. ರಿಪೇರಿಯವನು ಎಷ್ಟೇ ನಂಬಿಕಸ್ಥನಾದರೂ ಮನೆಯ ಯಜಮಾನನು ಇದೊಂದನ್ನು ತನ್ನ ಕಣ್ಣಿನಿಂದಲೇ ನೋಡಿಕೊಳ್ಳತಕ್ಕದ್ದು.

ಕೂಡಿಸುವಾಗ ಇನ್ನೂ ಕೆಲವು ಸಂಗತಿಗಳುಂಟು. ತಂತಿಯ ಬ್ರೇಕಿನಲ್ಲಿ ರಬ್ಬರು ಪೂರ್ತಿಯಾಗಿ ರಿಮ್ಮಿನ ಮೇಲೆಯೇ ಕೂರಬೇಕು. ಮೇಲಕ್ಕೆ ಸರಿದರೆ ಟೈರನ್ನು ಕೊರೆಯುತ್ತದೆ, ಕೆಳಕ್ಕೆ ಇಳಿದರೆ ರಿಮ್ಮಿನಿಂದ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. 27 ಅಂಗುಲದ ಹಳೆಯ ಗಾಲಿಯನ್ನು ತೆಗೆದು ಈಗಿನ 700 ಅಳತೆಯದನ್ನು ಹಾಕಿದವರು ರಬ್ಬರನ್ನು 4 ಮಿಲಿಮೀಟರು ಕೆಳಕ್ಕೆ ಇಳಿಸಬೇಕಾಗುತ್ತದೆ. ರಬ್ಬರಿನ ಮುಂದಿನ ತುದಿಯು ಹಿಂದಿನದಕ್ಕಿಂತ ಸುಮಾರು 1 ಮಿಲಿಮೀಟರು ಮೊದಲೇ ರಿಮ್ಮಿಗೆ ತಗಲುವಂತೆ ಓರೆಮಾಡಿದರೆ ಕಿರುಚುವುದು ಸಾಮಾನ್ಯವಾಗಿ ನಿಲ್ಲುತ್ತದೆ. ಕಿರುಚಾಟವನ್ನು ನಿಲ್ಲಿಸಲೆಂದು ಕೊಬ್ಬರಿ ಎಣ್ಣೆಯ ತೊಟ್ಟನ್ನು ಬಿಡುವವರೂ ಇದ್ದಾರೆ. ಸದ್ದು ನಿಲ್ಲುವುದು ನಿಜ, ಆದರೆ ಬೈಸಿಕಲ್ಲು ನಿಲ್ಲುವುದಿಲ್ಲ. ಎಣ್ಣೆ ತಗಲಿದ ರಿಮ್ಮನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸತಕ್ಕದ್ದು. ಎಣ್ಣೆ ಕುಡಿದ ರಬ್ಬರನ್ನು ಎಸೆಯತಕ್ಕದ್ದು. ಕ್ರೋಮಿಯಮ್ಮಿನ ಮೆರುಗಿಗೆ ಉಪ್ಪುಕಾಗದ ಮುಟ್ಟಿಸಕೂಡದು.

ರಬ್ಬರನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಯಿಸಬೇಕು. ಈ ತಿಂಗಳು ಒಂದು ಜೋಡಿಗೆ ಮಾತ್ರ ಕೈಯಲ್ಲಿ ಹಣವಿದ್ದರೆ ಅದನ್ನು ಮುಂದಿನ ಗಾಲಿಗೆ ಹಾಕಿಸಿರಿ. ಬ್ರೇಕು ಹಿಡಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. ಆದರೆ ಅದನ್ನು ಒಮ್ಮೆಗೇ ಜಗ್ಗದೆ ಕ್ರಮವಾಗಿ ಬಿಗಿಯುವುದನ್ನು ಮಕ್ಕಳಿಗೆ ಕಲಿಸಬೇಕು. ಹೊಸ ರಬ್ಬರನ್ನು ಹಾಕಿದ ಮೇಲೆ ನೇರವಾಗಿ ಸಂತೆಯ ಬೀದಿಗೆ ಹೋಗದೆ, ಬಯಲಿನಲ್ಲಿ ಹತ್ತಾರು ಸಲ ಮೆಲ್ಲಗೆ ನಿಲ್ಲಿಸಿ ನೋಡಿ, ನಟ್ಟುಗಳನ್ನು ಮತ್ತೊಮ್ಮೆ ಬಿಗಿದು, ಬಳಿಕ ರಿಮ್ಮಿನ ಮೇಲೆ ನೀರೆರಚಿ ಇನ್ನೊಮ್ಮೆ ಪರೀಕ್ಷಿಸಬೇಕು. ಒದ್ದೆಯಲ್ಲಿ ಎಷ್ಟು ದೂರದಲ್ಲಿ ನಿಲ್ಲುವುದೆಂಬುದನ್ನು ಸವಾರನು ಮಳೆಗಾಲಕ್ಕೆ ಮೊದಲೇ ತಿಳಿದಿರುವುದು ಕ್ಷೇಮ.

ಹಿರಿಯರ ವಸ್ತುವನ್ನು ಕಾಪಾಡುವುದೆಂದರೆ ಅದರ ಪ್ರತಿಯೊಂದು ಚೂರನ್ನೂ ಹಳೆಯದಾಗಿಯೇ ಇಡುವುದಲ್ಲ. ಚೌಕಟ್ಟು ಹಳೆಯದಿರಲಿ, ಗಂಟೆ ಹಳೆಯದಿರಲಿ, ಸೀಟಿನ ತೊಗಲೂ ಹಳೆಯದೇ ಇರಲಿ. ರಬ್ಬರು ಮಾತ್ರ ಹೊಸದಿರಲಿ. ಬರುವ ತಿಂಗಳು ಇದೇ ಬೈಸಿಕಲ್ಲಿನ ಸರಪಣಿಯ ವಿಚಾರವನ್ನು ಬರೆಯುವೆವು.