‘ಚಲೋ ಐತ್ರಿ’ ಎಂದರೆ ಅಳತೆಯಾಗದು

ಹಾಲು ಉತ್ಪಾದಕ ಅಕ್ಕ-ತಂಗಿಯರೇ,

‘ಹಾಲು ಚಲೋ ಐತ್ರಿ’ ಎಂದು ನೀವು ಹೇಳಿದ ಮಾತ್ರಕ್ಕೆ ಸಂಘದಲ್ಲಿ ದರ ಕಟ್ಟುವುದಿಲ್ಲ. ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ. ಆದರೆ ಅದೇ ಹಾಲಿನ ಬಟವಾಡೆ ಮತ್ತು ಸರ್ಕಾರದ ಪ್ರೋತ್ಸಾಹಧನ ಬಂದು ಬೀಳುವ ಬ್ಯಾಂಕಿನ ಆನ್‌ಲೈನ್ ಸೇವೆ ಹೇಗಿದೆ ಎಂದು ಕೇಳಿದರೆ ಮಾತ್ರ ‘ಚಲೋ ಐತ್ರಿ’ ಎಂಬ ಒಂದೇ ಉತ್ತರ. ಚಿಮ್ಮಡದ ಸುತ್ತಮುತ್ತ ಕೊಟ್ಟಿಗೆಗೆ ಹೋದಾಗೆಲ್ಲ ನಾನು ಕೇಳುವ ಮಾತಿದು.

ದನದ ಡಾಕ್ಟರಿಗೆ ಬ್ಯಾಂಕಿನ ಉಸಾಬರಿ ಏಕೆ ಎನ್ನಬೇಡಿ. ರೊಕ್ಕ ಕೈಗೆ ಬರುವುದು ತಡವಾದರೆ ಹಿಂಡಿ ತಡ, ಔಷಧಿ ತಡ. ಕೊನೆಗೆ ಹಾಲು ಕಡಿಮೆ.

ಸೇವೆಯನ್ನೂ ಬಿಡಿಬಿಡಿಯಾಗಿ ಅಳೆಯಬಹುದು. 1988ರಲ್ಲಿ ಪರಶುರಾಮನ್, ಝೈಥಾಮ್ಲ್, ಬೆರ್ರಿ ಎಂಬ ಮೂವರು ಪ್ರಾಧ್ಯಾಪಕರು ಅಮೆರಿಕದಲ್ಲಿ ‘ಸರ್ವ್‌ಕ್ವಾಲ್’ ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಗ್ರಾಹಕರು ಏನು ನಿರೀಕ್ಷಿಸಿದ್ದರು, ಏನು ಸಿಕ್ಕಿತು ಎಂಬ ಎರಡರ ನಡುವಿನ ಅಂತರವೇ ಅದರ ಅಳತೆ. 2005ರಲ್ಲಿ ಆನ್‌ಲೈನ್ ಸೇವೆಗೆಂದು ಬಂದ ಇನ್ನೊಂದು ಅಳತೆ ನಾಲ್ಕು ಸಂಗತಿ ನೋಡುತ್ತದೆ: ಕೆಲಸ ಸಲೀಸೇ, ಕೊಟ್ಟ ಮಾತು ನಡೆಯಿತೇ, ಬೇಕಾದಾಗ ಸೇವೆ ಸಿಕ್ಕಿತೇ, ನಮ್ಮ ಗುಟ್ಟು ಭದ್ರವೇ.

ಇಲ್ಲೊಂದು ತೊಡಕಿದೆ. ನಿರೀಕ್ಷೆಯೇ ಇಲ್ಲದವರಿಗೆ ಅಂತರವೂ ಕಾಣುವುದಿಲ್ಲ. ಆಕಳಿನ ಮೈಬಿಸಿ 101.5 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರಬೇಕು ಎಂದು ಗೊತ್ತಿರುವುದರಿಂದಲೇ 104 ಕಂಡರೆ ಜ್ವರ ಎನ್ನುತ್ತೇವೆ. ಎಷ್ಟಿರಬೇಕೆಂದು ಗೊತ್ತಿಲ್ಲದವರ ಕೈಯಲ್ಲಿ ಥರ್ಮಾಮೀಟರ್ ಇದ್ದೇನು ಫಲ? ಉದಾಹರಣೆಗೆ, ಎಟಿಎಂನಲ್ಲಿ ನೋಟು ಬಾರದೆ ಖಾತೆಯಿಂದ ರೊಕ್ಕ ಕಡಿತವಾದರೆ 5 ದಿನದೊಳಗೆ ಮರಳಿ ಜಮಾ ಆಗಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು 2019ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ. ಇದು ತಿಳಿಯದಿದ್ದರೆ ಹದಿನೈದು ದಿನಕ್ಕೆ ಬಂದ ರೊಕ್ಕಕ್ಕೂ ‘ಬಂತಲ್ಲ, ಸಾಕು’ ಎನ್ನುತ್ತೇವೆ. ಬ್ಯಾಂಕಿನ ಲೆಕ್ಕದಲ್ಲಿ ಅದು ತೃಪ್ತ ಗ್ರಾಹಕಿ!

ಎರಡನೆಯದು, ಉತ್ತರ ಕೊಡುವವರು ಯಾರು? ಎಷ್ಟೋ ಮನೆಗಳಲ್ಲಿ ಖಾತೆ ಅವ್ವನ ಹೆಸರಿನಲ್ಲಿ, ಮೊಬೈಲ್ ನಂಬರ್ ಮಗನದು. ಮೆಸೇಜ್ ಬರುವುದು ಅವನಿಗೆ, ಪಿನ್ ಗೊತ್ತಿರುವುದೂ ಅವನಿಗೆ. ಆ್ಯಪ್ ನಕ್ಷತ್ರ ಕೇಳಿದಾಗ ಐದನ್ನೂ ಒತ್ತುವವನು ಅವನೇ. ಸೆಗಣಿ ಬಳಿದು, ಹಾಲು ಹಿಂಡಿದವಳ ಅಭಿಪ್ರಾಯ ಅದರಲ್ಲಿ ಎಲ್ಲಿದೆ?

ಆದ್ದರಿಂದ ನನ್ನ ಸಲಹೆ: ಮುಂದಿನ ಸಂಘದ ಸಭೆಯಲ್ಲಿ ಪ್ರತಿ ಸದಸ್ಯೆಯನ್ನೂ ಬಾಯಿಮಾತಿನಲ್ಲಿ, ಕನ್ನಡದಲ್ಲಿ, ಐದು ಪ್ರಶ್ನೆ ಕೇಳಿ ಬರೆದುಕೊಳ್ಳಬೇಕು. ಬಟವಾಡೆ ಜಮಾ ಆದದ್ದು ನಿಮಗೆ ಹೇಗೆ ತಿಳಿಯಿತು? ಯಾರ ಸಹಾಯವೂ ಇಲ್ಲದೆ ಶಿಲ್ಕು ನೋಡಲು ಬರುತ್ತದೆಯೇ? ಕಳೆದ ತಿಂಗಳು ಎಷ್ಟು ಸಲ ‘ಸರ್ವರ್ ಇಲ್ಲ’ ಎಂದು ಮರಳಿದಿರಿ? ದೂರು ಕೊಟ್ಟರೆ ಎಷ್ಟು ದಿನಕ್ಕೆ ಬಗೆಹರಿಯಿತು? ನಿಮ್ಮ ಪಿನ್ ಇನ್ನಾರಿಗೆ ಗೊತ್ತು?

ಈ ಉತ್ತರಗಳನ್ನು ಒಕ್ಕೂಟವು ಬ್ಯಾಂಕುಗಳ ಮುಂದಿಡಲಿ. ಅಲ್ಲಿಯವರೆಗೆ ನೀವು ಎರಡು ಕೆಲಸ ಮಾಡಿ: ಖಾತೆಗೆ ನಿಮ್ಮದೇ ನಂಬರ್ ಜೋಡಿಸಿ, ಆನ್‌ಲೈನ್ ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಾಲು ನಿಮ್ಮದು, ರೊಕ್ಕ ನಿಮ್ಮದು. ಅಳತೆಯೂ ನಿಮ್ಮ ಕೈಯಲ್ಲಿರಲಿ.

— ಪಶುವೈದ್ಯಾಧಿಕಾರಿ, ಚಿಮ್ಮಡ