ನಾಯಿಗೆ ಬುದ್ಧಿ ಕಲಿಸುವುದು ಹೇಗೆ?

ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2025ರ ಆಗಸ್ಟ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಕೊಟ್ಟ ಆದೇಶಗಳ ಮೇಲೆ ವಾದವಿವಾದ ಸಾಕಷ್ಟು ನಡೆದುದಾಯಿತು. ಅಂಗಳದ ಮೂಲೆಯಲ್ಲಿ ಸಂಕೋಲೆಗೆ ಬಿಗಿದ ಮನೆನಾಯಿಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಹಲ್ಲು ಅದಕ್ಕೂ ಇದೆ.

ನಾಯಿಯನ್ನು ಪಳಗಿಸುವ ಬಗೆಯಲ್ಲಿ ಎರಡು ಪಂಗಡಗಳಿವೆ. ಹೊಡೆತ, ಕತ್ತು ಬಿಗಿಯುವ ಸರಪಳಿ, ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿ ಇವುಗಳಿಲ್ಲದೆ ನಾಯಿ ಹದ್ದುಬಸ್ತಿಗೆ ಬಾರದೆಂಬುದು ಒಂದು ಪಕ್ಷ. ಹೇಳಿದಂತೆ ಕೇಳಿದಾಗ ತಿನಿಸು ಕೊಟ್ಟು ಮೆಚ್ಚಿದರೆ ಸಾಕೆಂಬುದು ಇನ್ನೊಂದು. ಮೊದಲ ಪಕ್ಷದವರು ತೋಳವನ್ನು ಸಾಕ್ಷಿಗೆ ಕರೆಯುತ್ತಾರೆ: ಹಿಂಡಿನಲ್ಲಿ ಬಲಿಷ್ಠನೇ ಯಜಮಾನ, ಮನೆಯಲ್ಲಿ ಮನುಷ್ಯನೂ ಹಾಗೆಯೇ ಇರಬೇಕು ಎಂದು. ಈ ವಾದದ ಬುಡ ರುಡಾಲ್ಫ್ ಶೆಂಕೆಲ್ ಎಂಬವರು ಬಾಸೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ 1947ರಲ್ಲಿ ಬರೆದ ಪ್ರಬಂಧ. ಕಾಡಿನ ಹಿಂಡೆಂದರೆ ತಂದೆ, ತಾಯಿ, ಮರಿಗಳ ಸಂಸಾರ, ಅಲ್ಲಿ ಇಂಥ ಕಾದಾಟವಿಲ್ಲವೆಂದು ಅಮೆರಿಕದ ಡೇವಿಡ್ ಮೆಕ್ 1999ರಲ್ಲಿ ತೋರಿಸಿಕೊಟ್ಟರು. ಸೆರೆಮನೆಯನ್ನು ಕಂಡು ಸಂಸಾರದ ಲಕ್ಷಣ ಬರೆದಂತಾಗಿತ್ತು!

ಪೆಟ್ಟಿನಿಂದ ನಾಯಿಗೆ ನೋವಾಗುತ್ತದೆ ಎಂಬುದಷ್ಟೇ ಪ್ರಶ್ನೆಯಲ್ಲ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದವರು ನಾಯಿ ಸಾಕಿದ 140 ಮಂದಿಯನ್ನು ವಿಚಾರಿಸಿ 2009ರಲ್ಲಿ ಪ್ರಕಟಿಸಿದ ವರದಿಯಂತೆ, ಹೊಡೆದ ಅಥವಾ ಒದ್ದ ಯಜಮಾನರಲ್ಲಿ ಶೇಕಡಾ 43 ಮಂದಿಯ ಮೇಲೆ ನಾಯಿ ತಿರುಗಿಬಿದ್ದಿತ್ತು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ 63 ನಾಯಿಗಳ ಮೇಲೆ ನಡೆದ ಅಧ್ಯಯನ (2020) ಆಘಾತದ ಪಟ್ಟಿಯಿಂದ ಹೆಚ್ಚಿನ ಫಲವೇನೂ ಇಲ್ಲವೆಂದಿತು. ವೇಲ್ಸ್ ಅದನ್ನು 2010ರಲ್ಲೇ ನಿಷೇಧಿಸಿದೆ. ಗುರುಗುಟ್ಟುವುದು ನಾಯಿ ಕೊಡುವ ಮುನ್ನೆಚ್ಚರಿಕೆ. ಹೊಡೆದು ಅದನ್ನು ಅಡಗಿಸಿದರೆ ಭಯ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ಮುಂದಿನ ಸಲ ಸದ್ದಿಲ್ಲದೆ ಕಚ್ಚುವ ಆ ನಾಯಿಯ ಬಳಿಗೆ ಹೋಗುವುದು ಮನೆಯ ಮಗು.

ಇದನ್ನು ತಿಳಿಯಲು ಸೀಮೆಯಾಚೆ ಹೋಗಬೇಕಾದುದಿಲ್ಲ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ನಾಡೊಂದಿದೆ. ಬಳ್ಳಾರಿ ಜಿಲ್ಲೆಯ ರಾಯದುರ್ಗ 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಪಾಲಾಯಿತು. ನಮ್ಮ ಸರದಿ 1956ರಲ್ಲಿ ಬಂತು. ಅದೇ ಅನಂತಪುರದಲ್ಲಿದ್ದು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಮಡಕಶಿರ, ತುಮಕೂರು ಜಿಲ್ಲೆಯ ಮಗ್ಗುಲಲ್ಲಿದೆ. ಅಮರಾಪುರ, ರೊಳ್ಳ ಕಡೆ ಮನೆಮಾತು ಇಂದಿಗೂ ಕನ್ನಡ. ಮಳೆ ಕಡಿಮೆ, ಕಲ್ಲುಗುಡ್ಡಗಳ ನೆಲ. ಕುರುಬರು ಮಂದೆ ಹೊಡೆದುಕೊಂಡು ಊರೂರು ತಿರುಗುತ್ತಾರೆ, ರಾತ್ರಿ ರೈತನ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ತರುಬುತ್ತಾರೆ. ತೋಳ ಬಾರದಂತೆ ಕಾಯುವುದು ನಾಯಿ. ಅದಕ್ಕೆ ಶಾಲೆಯಿಲ್ಲ, ಪಟ್ಟಿಯಿಲ್ಲ, ಬಿಸ್ಕತ್ತೂ ಇಲ್ಲ. ಮರಿಯಾಗಿದ್ದಾಗಲೇ ಕುರಿಗಳ ನಡುವೆ ಬೆಳೆದು ಮಂದೆಯನ್ನೇ ತನ್ನ ಬಳಗವೆಂದು ಬಗೆಯುತ್ತದೆ. ಕುರುಬನ ಕೈಯಲ್ಲಿ ಕೋಲಿಲ್ಲವೆಂದಲ್ಲ, ಒಮ್ಮೊಮ್ಮೆ ಕಲ್ಲೂ ಬೀಸೀತು. ಆದರೆ ಕಾವಲನ್ನು ಕಲಿಸಿದ್ದು ಆ ಕೋಲಲ್ಲ. ಅಮೆರಿಕದ ಕಾಪಿಂಜರ್ ದಂಪತಿ 1970ರ ದಶಕದ ಕೊನೆಯಲ್ಲಿ ಆರಂಭಿಸಿದ ಸಂಶೋಧನೆಯಲ್ಲಿ ಕಂಡುಕೊಂಡದ್ದೂ ಇದನ್ನೇ: ಮಂದೆ ಕಾಯುವ ನಾಯಿಯನ್ನು ರೂಪಿಸುವುದು ಮೊದಲ ಕೆಲವು ತಿಂಗಳ ಒಡನಾಟ.

ನಮ್ಮ ಅಡಿಕೆ ತೋಟದ ಮನೆಗಳಲ್ಲಿ ಆ ತಿಂಗಳುಗಳಲ್ಲೇ ಮರಿಯನ್ನು ಕಂಬಕ್ಕೆ ಕಟ್ಟುತ್ತೇವೆ. ನಾಯಿ ಜೋರಾಗಬೇಕಂತೆ! ಕಂಡವರಿಗೆಲ್ಲ ಬೊಗಳಿದರೆ ಹೆಮ್ಮೆ, ನೆಂಟರಿಗೆ ಬೊಗಳಿದರೆ ಪೆಟ್ಟು. ಎರಡಕ್ಕೂ ವ್ಯತ್ಯಾಸವೇನೆಂದು ಅದಕ್ಕೆ ತಿಳಿಯುವ ಬಗೆಯಾದರೂ ಹೇಗೆ?

ಪ್ರಾಣಿಹಿಂಸೆ ತಡೆಯುವ 1960ರ ಕಾಯಿದೆಯ 11ನೆಯ ಕಲಮು ಹೊಡೆಯುವುದನ್ನಷ್ಟೇ ಅಲ್ಲ, ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನೂ ಅಪರಾಧವೆನ್ನುತ್ತದೆ. ಮೊದಲ ತಪ್ಪಿಗೆ ಅದು ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಇದಕ್ಕೆ ಹೆದರುವವರಾರು? ಹೆದರಿಕೆಗಿಂತ ತಿಳಿವಳಿಕೆಯೇ ಇಲ್ಲಿಯೂ ಬೇಕಾದದ್ದು. ನಾಯಿಯ ಪರವಾನಗಿಗೆ ಪಂಚಾಯತು ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪತ್ರ ಕೇಳುತ್ತದೆ. ಚುಚ್ಚುಮದ್ದಿಗೆ ಬಂದ ದಿನವೇ, ಮರಿಯನ್ನು ಬೆಳೆಸುವ ಬಗೆಯನ್ನು ಮೃಗವೈದ್ಯರು ಹತ್ತು ನಿಮಿಷ ಹೇಳುವಂತಾಗಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿ ಅದನ್ನು ಕನ್ನಡದಲ್ಲಿ ಹೇಳಬೇಕು, ಕೈಗೆ ಕೊಡುವ ಚೀಟಿಯೂ ಕನ್ನಡದಲ್ಲಿರಬೇಕು.